ದಡದಲ್ಲೇ ನಿಂತು ನಡೆಸುವ ಹಾಯಿದೋಣಿ

ಮಳೆನೀರಿಗೆ ಕಾಗದದ ದೋಣಿ ಬಿಡದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ನನ್ನ ತವರು ಕಮಲಾಪುರ. ಹಂಪಿಯ ಬಳಿಯ ಕಮಲಾಪುರವಲ್ಲ, ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ ಸಿಗುವ, ಕೆಂಪು ಬಾಳೆಗೆ ಹೆಸರಾದ ಕಮಲಾಪುರ. ಆ ಬಾಳೆಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಅಲ್ಲಿ ನಾವು ದೋಣಿಗಾಗಿ ಕಾಗದ ಹಾಳು ಮಾಡುತ್ತಿರಲಿಲ್ಲ. ಗೊನೆ ಕಡಿದ ಮೇಲೆ ಬಿದ್ದಿರುತ್ತಿದ್ದ ಬಾಳೆಪಟ್ಟೆಯನ್ನು ಗೇಣುದ್ದ ಕತ್ತರಿಸಿ, ನಡುವೆ ಕಡ್ಡಿ ಚುಚ್ಚಿ, ಎಲೆಯ ತುಂಡೊಂದನ್ನು ಹಾಯಿಯಂತೆ ಸಿಕ್ಕಿಸಿ ತೋಟದ ಕಾಲುವೆಗೆ ಬಿಡುತ್ತಿದ್ದೆವು. ಬಿಟ್ಟ ಮೇಲೆ ಅದು ನಮ್ಮ ಮಾತು ಕೇಳುತ್ತಿರಲಿಲ್ಲ. ಗಾಳಿ ಬಂದ ಕಡೆ ಹೋಗಿ ಹುಲ್ಲಿಗೆ ಸಿಕ್ಕಿಕೊಳ್ಳುತ್ತಿತ್ತು.

ನಾನು ಇಂದು ಹೇಳಹೊರಟಿರುವುದು ಮಾತು ಕೇಳುವ ದೋಣಿಯ ವಿಷಯ. ರೇಡಿಯೋ ಅಲೆಗಳಿಂದ ನಿಯಂತ್ರಿಸುವ ಪುಟ್ಟ ಹಾಯಿದೋಣಿ. ಇದರ ಪಂದ್ಯಗಳು ಲೋಕದ ಹಲವು ದೇಶಗಳಲ್ಲಿ ನಡೆಯುತ್ತವೆ. ನಮ್ಮ ಮನೆಗೆ ಅದು ಬಂದದ್ದು ಒಂದು ಜಗಳದ ಮೂಲಕ.

ಎರಡು ವರ್ಷದ ಹಿಂದೆ ಜುಲೈ ತಿಂಗಳಲ್ಲಿ ನಾವು ಹೈದರಾಬಾದಿನಲ್ಲಿರುವ ನನ್ನ ಅಕ್ಕನ ಮನೆಗೆ ಹೋಗಿದ್ದೆವು. ಹುಸೇನ್ ಸಾಗರದಲ್ಲಿ ಹಾಯಿದೋಣಿಗಳ ಪಂದ್ಯ ನಡೆಯುತ್ತಿತ್ತು. ಹನ್ನೆರಡು, ಹದಿಮೂರು ವಯಸ್ಸಿನ ಹುಡುಗಿಯರು ಒಬ್ಬೊಬ್ಬರೇ ದೋಣಿ ನಡೆಸುತ್ತಿದ್ದರು. 2009ರಲ್ಲಿ ಸುಹೇಮ್ ಶೇಖ್ ಅವರು ಕಟ್ಟಿದ ಹೈದರಾಬಾದ್ ಯಾಟ್ ಕ್ಲಬ್ ಅಲ್ಲಿನ ಬಡ ಕುಟುಂಬಗಳ ಮಕ್ಕಳಿಗೂ ಈ ಆಟ ಕಲಿಸಿದೆ. ನನ್ನ ಮಗಳು ರೇಲಿಂಗ್ ಹಿಡಿದು ನಿಂತವಳು ಎರಡು ತಾಸು ಅಲ್ಲಿಂದ ಕದಲಲಿಲ್ಲ. ಊರಿಗೆ ಬಂದ ಮೇಲೆ, "ಅಮ್ಮೀ, ನನಗೂ ಕಲಿಸು" ಎಂದು ಹಿಡಿದ ಹಟ ಬಿಡಲಿಲ್ಲ.

ಅತ್ತೆಯವರು ಒಂದೇ ಮಾತಿನಲ್ಲಿ ಮುಗಿಸಿದರು. "ಹೆಣ್ಣುಮಗಳನ್ನ ಇನ್ನೂರು ಮೈಲಿ ದೂರ ಕಳಿಸಿ ನೀರಿಗೆ ಬಿಡ್ತೀಯಾ?" ಇನ್ನೂರು ಮೈಲಿ ಏನಿಲ್ಲ, ಸುಮಾರು 220 ಕಿಲೋಮೀಟರ್. ಆದರೆ ನಿಜ ಹೇಳಬೇಕೆಂದರೆ ನನ್ನ ಮನಸ್ಸಿನಲ್ಲಿ ಇದ್ದದ್ದೂ ಅದೇ. ಈಜಲು ಬರದ ಹುಡುಗಿ, ಒದ್ದೆ ಬಟ್ಟೆ, ಗೊತ್ತಿಲ್ಲದ ಜನ. ನಾನೂ ಬೇಡವೆಂದೆ. ಮಗಳು ನಾಲ್ಕು ದಿನ ನನ್ನೊಂದಿಗೆ ಮಾತು ಬಿಟ್ಟಳು.

ದಾರಿ ತೋರಿಸಿದವರು ನನ್ನ ಅಬ್ಬಾ. ಅವರು ಕಲಬುರಗಿಯಲ್ಲಿ ಮೂವತ್ತು ವರ್ಷ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ ನಡೆಸಿದವರು. ಲಕ್ವ ಹೊಡೆದು ಎಡಗೈ ಸೋತ ಮೇಲೆ ಅಂಗಡಿ ಮುಚ್ಚಿ ಕಮಲಾಪುರದಲ್ಲಿ ಅಣ್ಣನ ಮನೆಯಲ್ಲಿದ್ದಾರೆ. ಬೆಳಗಿನಿಂದ ಸಂಜೆಯವರೆಗೆ ಅಂಗಳದ ಮಂಚದ ಮೇಲೆ ಕುಳಿತು ರಸ್ತೆ ನೋಡುವುದೇ ಅವರ ಕೆಲಸವಾಗಿತ್ತು. ಮೊಮ್ಮಗಳು ಹೋಗಿ ದೂರು ಹೇಳಿದಾಗ ಅವರು ಕೇಳಿದ್ದು ಇಷ್ಟೇ: "ದೋಣಿಯೊಳಗೆ ಕೂರಲೇಬೇಕಾ ಬೇಟಾ? ದಡದಲ್ಲಿ ನಿಂತು ನಡೆಸಿದರೆ ಆಗೋದಿಲ್ವಾ?"

ಇಂಜಿನ್ ಇಲ್ಲದ ಆಟ

ಅಂಗಡಿಯಲ್ಲಿ ಸಿಗುವ ರಿಮೋಟ್ ಕಾರು, ರಿಮೋಟ್ ಬೋಟುಗಳನ್ನು ನೀವು ನೋಡಿರುತ್ತೀರಿ. ಗುಂಡಿ ಒತ್ತಿದರೆ ಬುರ್ ಎಂದು ಓಡುತ್ತವೆ, ವಾರದಲ್ಲಿ ಮೂಲೆ ಸೇರುತ್ತವೆ. ಇದು ಅದಲ್ಲ. ಇದನ್ನು ಓಡಿಸುವುದು ಗಾಳಿ ಮಾತ್ರ. ರೇಡಿಯೋ ಮಾಡುವುದು ಎರಡೇ ಕೆಲಸ: ಚುಕ್ಕಾಣಿ ತಿರುಗಿಸುವುದು, ಹಾಯಿಯ ಹಗ್ಗವನ್ನು ಎಳೆಯುವುದು ಅಥವಾ ಸಡಿಲಿಸುವುದು. ದೋಣಿಯ ಹೊಟ್ಟೆಯಲ್ಲಿ ಎರಡು ಚಿಕ್ಕ ಸರ್ವೋ ಮೋಟಾರು, ಒಂದು ರಿಸೀವರ್, ನಾಲ್ಕು ಸೆಲ್. ನಿಮ್ಮ ಕೈಯಲ್ಲಿ ಎರಡು ಕಡ್ಡಿಗಳಿರುವ ಟ್ರಾನ್ಸ್‌ಮಿಟರ್.

ಗಾಳಿ ಹಿಂದಿನಿಂದ ತಳ್ಳಿದರೆ ದೋಣಿ ಮುಂದೆ ಹೋಗುವುದು ಯಾರಿಗೂ ಅರ್ಥವಾಗುತ್ತದೆ. ಗಾಳಿಗೆ ಎದುರಾಗಿ ಹೋಗುವುದು ಹೇಗೆ? ಒದ್ದೆ ಹುಣಸೆ ಬೀಜವನ್ನು ಎರಡು ಬೆರಳ ನಡುವೆ ಒತ್ತಿ ನೋಡಿ. ಒತ್ತುವುದು ಪಕ್ಕದಿಂದ, ಚಿಮ್ಮುವುದು ಮುಂದಕ್ಕೆ. ಇಲ್ಲಿ ಒಂದು ಬೆರಳು ಹಾಯಿಯ ಮೇಲೆ ಬೀಸುವ ಗಾಳಿ. ಇನ್ನೊಂದು, ದೋಣಿಯ ಅಡಿಯಲ್ಲಿ ನೀರಿಗಿಳಿದಿರುವ ರೆಕ್ಕೆ. ಅದಕ್ಕೆ ಕೀಲ್ ಎನ್ನುತ್ತಾರೆ, ಅದರ ತುದಿಯಲ್ಲಿ ಸೀಸದ ಗುಂಡು ಇರುತ್ತದೆ. ಕೀಲ್ ದೋಣಿಯನ್ನು ಪಕ್ಕಕ್ಕೆ ಜಾರಲು ಬಿಡುವುದಿಲ್ಲ, ಸೀಸ ಅದನ್ನು ಮಗುಚಲು ಬಿಡುವುದಿಲ್ಲ. ಹಾಗಿದ್ದರೂ ನೇರ ಗಾಳಿಗೆ ಎದುರು ಹೋಗಲಾಗದು. ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ಘಾಟಿ ರಸ್ತೆಯಲ್ಲಿ ಬಸ್ಸು ಹತ್ತುವಂತೆ ಹೋಗಬೇಕು. ಯಾವಾಗ ತಿರುಗಬೇಕು ಎಂಬುದರಲ್ಲೇ ಅರ್ಧ ಪಂದ್ಯ ಇದೆ. ನೀರಿನ ಮೇಲೆ ಕಪ್ಪಗೆ ಸುಕ್ಕು ಓಡಿ ಬಂದರೆ ಅಲ್ಲಿ ಬಿರುಸು ಗಾಳಿ ಬಂತೆಂದು ಅರ್ಥ. ಅದನ್ನು ಮೊದಲು ಕಂಡವರು ಮೊದಲು ಅಲ್ಲಿಗೆ ಹೋಗುತ್ತಾರೆ.

ತೋಳಿನ ಬಲ ಇಲ್ಲಿ ಲೆಕ್ಕಕ್ಕಿಲ್ಲ. ಅದಕ್ಕೇ ಮಕ್ಕಳು, ಅಜ್ಜಂದಿರು, ಗಾಲಿಕುರ್ಚಿಯಲ್ಲಿರುವವರು, ಗಂಡಸರು, ಹೆಂಗಸರು ಒಂದೇ ಪಂದ್ಯದಲ್ಲಿ ಸ್ಪರ್ಧಿಸಬಹುದು. ಉಟ್ಟ ಬಟ್ಟೆಯಲ್ಲೇ, ಬುರ್ಖಾದಲ್ಲೇ ನಿಂತು ಆಡಬಹುದು. ನಮ್ಮ ಮನೆಯಲ್ಲಿ ಜಗಳ ನಿಂತದ್ದು ಈ ಒಂದು ವಿಷಯ ತಿಳಿದ ಮೇಲೆ.

ಸುಲ್ತಾನನ ಹಡಗುಗಳು

"ಸಮುದ್ರವೇ ಇಲ್ಲದ ಕಲಬುರಗಿಗೂ ಹಡಗಿಗೂ ಎಲ್ಲಿಯ ಸಂಬಂಧ?" ಎಂದು ನೆರೆಮನೆಯವರು ನಕ್ಕಿದ್ದರು. 1347ರಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾದ ಊರು ಇದು. ಇಲ್ಲಿಂದ ಆಳಿದ ಫಿರೋಜ್ ಶಾಹ (1397–1422) ಗೋವಾ ಮತ್ತು ಚೌಲ್ ಬಂದರುಗಳಿಂದ ಪ್ರತಿವರ್ಷ ಹಡಗುಗಳನ್ನು ಕಳುಹಿಸಿ, ಹೊರದೇಶಗಳ ಸರಕುಗಳನ್ನೂ ವಿದ್ವಾಂಸರನ್ನೂ ಕರೆತರಿಸುತ್ತಿದ್ದನೆಂದು ಇತಿಹಾಸಕಾರ ಫಿರಿಷ್ತಾ ಬರೆದಿದ್ದಾನೆ. ಹಫ್ತ್ ಗುಂಬಜ್ ನೋಡಲು ಹೋದಾಗ ಮಕ್ಕಳಿಗೆ ಇದನ್ನು ಹೇಳಿ. ಮಗಳು ಬೆರಗಾಗಿ ನೋಡಿದ ಹುಸೇನ್ ಸಾಗರವನ್ನು 16ನೇ ಶತಮಾನದಲ್ಲಿ ಕಟ್ಟಿಸಿದ ಹುಸೇನ್ ಶಾಹ ವಲಿಯವರು ನಮ್ಮ ಖ್ವಾಜಾ ಬಂದಾನವಾಜರ ವಂಶದವರೇ ಎಂಬುದು ಪ್ರಸಿದ್ಧ.

ಇನ್ನು ಇತ್ತೀಚಿನ ಮಾತು. 2023ರ ಸೆಪ್ಟೆಂಬರ್ 26ರಂದು ಚೀನಾದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಹಾಯಿದೋಣಿ ಪಂದ್ಯಗಳಲ್ಲಿ ನೇಹಾ ಠಾಕೂರ್ ಬೆಳ್ಳಿ ಗೆದ್ದಳು, ಅದೇ ದಿನ ಇಬಾದ್ ಅಲಿ ಕಂಚು ಗೆದ್ದರು. ಇಬ್ಬರೂ ಮಧ್ಯಪ್ರದೇಶದವರು. ಆ ರಾಜ್ಯಕ್ಕೂ ಸಮುದ್ರವಿಲ್ಲ. ನೇಹಾ ರೈತನ ಮಗಳು, ಕಲಿತದ್ದು ಭೋಪಾಲದ ಕೆರೆಯಲ್ಲಿ.

ಪುಟ್ಟ ದೋಣಿಗಳ ಪಂದ್ಯಕ್ಕೂ ದೊಡ್ಡ ಚರಿತ್ರೆ ಇದೆ. ಇಂಡೋನೇಷ್ಯಾದ ರಿಯಾವು ದ್ವೀಪಗಳಲ್ಲಿ ಮಲಯ ಮುಸ್ಲಿಮ್ ಬೆಸ್ತರು 'ಜೋಂಗ್' ಎಂಬ ಆಳಿಲ್ಲದ ಹಾಯಿದೋಣಿಗಳನ್ನು ಮಾಡಿ ಪಂದ್ಯ ಕಟ್ಟುತ್ತಾರೆ. ರೇಡಿಯೋ ಇಲ್ಲ, ಚುಕ್ಕಾಣಿಯೂ ಇಲ್ಲ. ಗಾಳಿ ನೋಡಿ, ಹಾಯಿ ಸರಿಪಡಿಸಿ, ಕೈಬಿಟ್ಟರೆ ಮುಗಿಯಿತು. ಇಂಗ್ಲೆಂಡಿನಲ್ಲೂ ಹಿಂದೆ ಹೀಗೆಯೇ ಇತ್ತು. ದೋಣಿ ದಡಕ್ಕೆ ಬಂದಾಗ ಕೋಲಿನಿಂದ ತಿರುಗಿಸಲು ಒಡೆಯರು ಕೆರೆಯ ಅಂಚಿನಲ್ಲಿ ಏದುಸಿರು ಬಿಡುತ್ತಾ ಓಡಬೇಕಿತ್ತು. ರೇಡಿಯೋ ಬಂದ ಮೇಲೆ ಆ ಓಟ ತಪ್ಪಿತು.

ಈಗ ಹೆಚ್ಚು ಹೆಸರಾದದ್ದು 'ಇಂಟರ್‌ನ್ಯಾಷನಲ್ ಒನ್ ಮೀಟರ್' ಎಂಬ ವರ್ಗ, 1988ರಲ್ಲಿ ಶುರುವಾದದ್ದು. ದೋಣಿಯ ಉದ್ದ ಒಂದು ಮೀಟರ್ ಮೀರಬಾರದು, ತೂಕ ನಾಲ್ಕು ಕಿಲೋಗೆ ಕಡಿಮೆ ಇರಬಾರದು. ದುಡ್ಡಿದ್ದವರು ಮಾತ್ರ ಗೆಲ್ಲಬಾರದೆಂದು ದೋಣಿಯ ಮೈಯನ್ನು ದುಬಾರಿ ಕಾರ್ಬನ್ ನಾರಿನಿಂದ ಮಾಡುವುದನ್ನೇ ನಿಷೇಧಿಸಿದ್ದಾರೆ. ಗಾಳಿಯ ಬಿರುಸಿಗೆ ತಕ್ಕಂತೆ ಮೂರು ಅಳತೆಯ ಹಾಯಿಗಳು. ಇದರ ವಿಶ್ವ ಚಾಂಪಿಯನ್‌ಷಿಪ್ 2011ರಲ್ಲಿ ಇಂಗ್ಲೆಂಡಿನ ವೆಸ್ಟ್ ಕರ್ಬಿಯಲ್ಲಿ, 2015ರಲ್ಲಿ ಅಮೆರಿಕದ ಫಾಸ್ಟರ್ ಸಿಟಿಯಲ್ಲಿ, 2019ರಲ್ಲಿ ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲಿ ನಡೆದಿತ್ತು. ಹೊಸ ದೋಣಿ ಸಜ್ಜುಗೊಳಿಸಲು ಒಂದು ಸ್ಕೂಟರಿನ ಬೆಲೆಯನ್ನೂ ಮೀರುತ್ತದೆ. ನಮ್ಮಂಥವರಿಗೆ ಅದು ದೂರದ ಮಾತು. ನಮಗೆ ಒದಗಿದ್ದು ಅರ್ಜೆಂಟೀನಾದಲ್ಲಿ 1970ರ ದಶಕದಲ್ಲಿ ಹುಟ್ಟಿದ 'ಆರ್‌ಜಿ 65' ಎಂಬ ವರ್ಗ. ಉದ್ದ 65 ಸೆಂಟಿಮೀಟರ್, ಹಾಯಿ 2250 ಚದರ ಸೆಂಟಿಮೀಟರ್. ಈ ಅಳತೆ ಕಾಪಾಡಿಕೊಂಡು ಮನೆಯಲ್ಲೇ ನಿಮಗೆ ಬೇಕಾದಂತೆ ಮಾಡಿಕೊಳ್ಳಬಹುದು.

ಹಾಯಿಗೂ ಬೇಕು ಹೊಲಿಗೆಯ ಕೈ

ಮಾಡಲು ಮೂರು ತಿಂಗಳು ಹಿಡಿಯಿತು. ಒಂದೇ ಅಚ್ಚಿನಲ್ಲಿ ಮೂರು ದೋಣಿ: ಒಂದು ಅಬ್ಬಾಗೆ, ಒಂದು ಮಗಳಿಗೆ, ಒಂದು ಅಣ್ಣನ ಮಗನಿಗೆ. ತೆಳು ಪ್ಲೈವುಡ್ ಕತ್ತರಿಸಿದ್ದು ಮಕ್ಕಳು, ಎಪಾಕ್ಸಿ ಅಂಟು ಬಳಿದದ್ದು ಅಣ್ಣ. ವೈರಿಂಗ್ ಎಲ್ಲ ಅಬ್ಬಾರದು. ಒಂದೇ ಕೈಯಲ್ಲಿ ಬೆಸುಗೆ ಹಾಕುತ್ತಿದ್ದರು, ತಂತಿ ಹಿಡಿದುಕೊಳ್ಳಲು ಮೊಮ್ಮಗಳು ಇರುತ್ತಿದ್ದಳು. ರಿಸೀವರಿಗೆ ನೀರು ತಾಗದಂತೆ ಅದನ್ನು ಬಲೂನಿನೊಳಗೆ ತೂರಿಸಿ ಬಾಯಿ ಕಟ್ಟಿದರು. ಸೀಸ ಕರಗಿಸಬೇಕೆಂದು ಅಣ್ಣ ಹೊರಟಾಗ ನಾನು ತಡೆದೆ. ಸೀಸದ ಹೊಗೆ ಮಕ್ಕಳಿಗೆ ವಿಷ. ಮೀನುಬಲೆಗೆ ಕಟ್ಟುವ ಸೀಸದ ಗುಂಡುಗಳನ್ನೇ ತಂದು, ಕೈಗವಸು ಹಾಕಿಕೊಂಡು ಜೋಡಿಸಿ ಅಂಟಿಸಿದೆವು.

ಹಾಯಿಯ ಕೆಲಸ ನನ್ನ ಪಾಲಿಗೆ ಬಂತು. ಇಲ್ಲಿ ಹೊಲಿಗೆ ಬಲ್ಲ ಸಹೋದರಿಯರು ಸ್ವಲ್ಪ ಗಮನ ಕೊಡಿ. ಮೊದಲು ನಾನು ಹಳೆ ಛತ್ರಿಯ ಬಟ್ಟೆಯನ್ನು ತ್ರಿಕೋನವಾಗಿ ಕತ್ತರಿಸಿ, ಅಂಚು ಮಡಚಿ ಹೊಲಿದುಕೊಟ್ಟೆ. ನೋಡಲು ಅಚ್ಚುಕಟ್ಟಾಗಿತ್ತು, ದೋಣಿ ಮಾತ್ರ ಗಾಳಿಗೆ ಎದುರು ಹೋಗಲೇ ಇಲ್ಲ. ಹಾಯಿ ಚಪ್ಪಟೆಯಾಗಿರಬಾರದಂತೆ, ಹಕ್ಕಿಯ ರೆಕ್ಕೆಯಂತೆ ಅದಕ್ಕೆ ಸ್ವಲ್ಪ ಹೊಟ್ಟೆ ಇರಬೇಕಂತೆ. ಚಪ್ಪಟೆ ಬಟ್ಟೆಗೆ ಹೊಟ್ಟೆ ಕೊಡುವುದು ನಮಗೆ ಗೊತ್ತಿಲ್ಲದ ವಿದ್ಯೆಯೇ? ರವಿಕೆಗೆ ಡಾರ್ಟ್ ಹಿಡಿಯುತ್ತೇವಲ್ಲ, ಅದೇ. ಹಾಯಿಯನ್ನು ಮೂರು ಅಡ್ಡ ಪಟ್ಟಿಗಳಾಗಿ ಕತ್ತರಿಸಿ, ಪ್ರತಿ ಪಟ್ಟಿಯ ಒಂದು ಅಂಚನ್ನು ಒಂದೆರಡು ಮಿಲಿಮೀಟರಿನಷ್ಟು ಬಾಗಿಸಿ, ನೇರ ಅಂಚಿಗೆ ಕೂಡಿಸಿದರೆ ಹೊಟ್ಟೆ ತಾನಾಗಿ ಬರುತ್ತದೆ. ಪಂದ್ಯದ ಹಾಯಿ ಮಾಡುವವರು ಬಟ್ಟೆಯ ಬದಲು ತೆಳ್ಳನೆಯ ಪಾಲಿಯೆಸ್ಟರ್ ಹಾಳೆ ತೆಗೆದುಕೊಂಡು, ದಾರದ ಬದಲು ಎರಡೂ ಕಡೆ ಅಂಟುವ ಟೇಪ್ ಹಾಕುತ್ತಾರೆ. ನಾನೂ ಹಾಗೆಯೇ ಮಾಡಿದೆ. ಮೂರು ಜೊತೆ ಹಾಯಿ ಕೆಟ್ಟವು, ನಾಲ್ಕನೆಯದು ಕೆಲಸ ಮಾಡಿತು.

ಮೊದಲ ಸಲ ನೀರಿಗೆ ಬಿಟ್ಟದ್ದು ಕಲಬುರಗಿಯ ಅಪ್ಪನ ಕೆರೆಯಲ್ಲಿ, ಒಂದು ಭಾನುವಾರ ಬೆಳಗ್ಗೆ. ಹತ್ತು ನಿಮಿಷ ಚೆನ್ನಾಗಿತ್ತು. ಆಮೇಲೆ ಮಗಳು ಎಡಕ್ಕೆ ಅಂದರೆ ದೋಣಿ ಬಲಕ್ಕೆ ಹೋಗತೊಡಗಿತು. ಕೆಟ್ಟಿರಲಿಲ್ಲ. ದೋಣಿ ನಮ್ಮ ಕಡೆ ಮುಖ ಮಾಡಿ ಬರುವಾಗ ಅದರ ಎಡ ನಮ್ಮ ಬಲ ಆಗುತ್ತದೆ. ಎಲ್ಲ ಹೊಸಬರೂ ಎಡವುವುದು ಇಲ್ಲೇ. ಅಷ್ಟರಲ್ಲಿ ಸೆಲ್ ಮುಗಿದು ದೋಣಿ ನಡುನೀರಿನಲ್ಲಿ ನಿಂತಿತು. ಮಗಳ ಕಣ್ಣಲ್ಲಿ ನೀರು. ಅಬ್ಬಾ ಗಾಳಿಯ ದಿಕ್ಕು ನೋಡಿ, "ಆ ದಡಕ್ಕೆ ಹೋಗಿ ಕೂತ್ಕೊಳ್ಳೋಣ ಬಾ. ಇಂಜಿನ್ ಇಲ್ಲದ್ದು, ಗಾಳಿ ಅಲ್ಲಿಗೇ ತಂದುಕೊಡ್ತದೆ" ಎಂದರು. ಮುಕ್ಕಾಲು ಗಂಟೆ ಕಾದೆವು. ತಂದುಕೊಟ್ಟಿತು.

ಕಮಲಾಪುರದ ರೆಗಟ್ಟಾ

ಹಾಯಿದೋಣಿಗಳ ಪಂದ್ಯಾವಳಿಗೆ ರೆಗಟ್ಟಾ ಎನ್ನುತ್ತಾರೆ. ನಮ್ಮ ರೆಗಟ್ಟಾ ನಡೆದದ್ದು ಅಣ್ಣನ ತೋಟದ ಕೃಷಿ ಹೊಂಡದಲ್ಲಿ. ಸರ್ಕಾರದ ಕೃಷಿ ಭಾಗ್ಯ ಯೋಜನೆ 2014ರಲ್ಲಿ ಬಂದ ಮೇಲೆ ನಮ್ಮ ಕಡೆ ಹೊಲಹೊಲದಲ್ಲೂ ಇಂಥ ಹೊಂಡಗಳಾಗಿವೆ.

ತಾಯಂದಿರೇ, ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಪ್ಲಾಸ್ಟಿಕ್ ಹಾಸಿದ ಈ ಹೊಂಡಗಳ ಬದಿ ಸೋಪಿನಂತೆ ಜಾರುತ್ತದೆ. ಬಿದ್ದವರಿಗೆ, ಈಜು ಬಂದರೂ, ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಇಂಥ ಹೊಂಡಗಳಲ್ಲಿ ಮಕ್ಕಳು ಸತ್ತ ಸುದ್ದಿಯನ್ನು ನೀವೂ ಓದಿರುತ್ತೀರಿ. ಅಣ್ಣ ಹೊಂಡದ ಸುತ್ತ ಬೇಲಿ ಕಟ್ಟಿಸಿದ ಮೇಲೆಯೇ ನಾನು ಮಕ್ಕಳನ್ನು ಕಳುಹಿಸಿದ್ದು. ಆಟಗಾರರು ಬೇಲಿಯ ಹೊರಗೆ. ದಡದಲ್ಲಿ ಗಂಟು ಹಾಕಿದ ಹಗ್ಗ ಮತ್ತು ಗಾಳಿ ತುಂಬಿದ ಟ್ಯೂಬ್. ದೋಣಿ ಸಿಕ್ಕಿಕೊಂಡರೆ ಉದ್ದನೆ ಬಿದಿರಿನ ಗಳದಿಂದ ಎಳೆಯುವುದು, ಅದೂ ದೊಡ್ಡವರು. ಏನೇ ಆದರೂ ಯಾರೂ ನೀರಿಗಿಳಿಯಕೂಡದು. ಈ ಏರ್ಪಾಡು ಮಾಡಲಾಗದಿದ್ದರೆ ಈ ಆಟ ನಿಮ್ಮ ಮನೆಗೆ ಬೇಡವೇ ಬೇಡ.

ಎರಡು ಕೆಂಪು ಪ್ಲಾಸ್ಟಿಕ್ ಡಬ್ಬಿಗಳನ್ನು ಕಲ್ಲು ಕಟ್ಟಿ ತೇಲಿಬಿಟ್ಟೆವು, ಒಂದು ಗಾಳಿ ಬರುವ ಕಡೆ, ಒಂದು ಈ ಕಡೆ. ಎರಡು ಸುತ್ತು ಹಾಕಿ ಬಂದರೆ ಒಂದು ರೇಸ್. ಒಟ್ಟು ಐದು ರೇಸ್. ಹೊರಡುವ ಗೆರೆಯ ಹಿಂದೆ ದೋಣಿಗಳು ನಿಲ್ಲುವುದಿಲ್ಲ, ಅತ್ತಿತ್ತ ಸುಳಿದಾಡುತ್ತಿರುತ್ತವೆ. ಒಂದು ನಿಮಿಷದ ಎಣಿಕೆ. ಹತ್ತು ಸೆಕೆಂಡಿಗೊಮ್ಮೆ ಕೂಗಿ, ಕೊನೆಯ ಹತ್ತನ್ನು ಒಂದೊಂದಾಗಿ ಎಣಿಸಬೇಕು. ಮೊಬೈಲ್ ಹಿಡಿದು ಎಣಿಸಿದ್ದು ಭಾಭಿ. ಸೊನ್ನೆಗೆ ಮುಂಚೆ ಗೆರೆ ದಾಟಿದ ದೋಣಿ ವಾಪಸು ಬಂದು ಮತ್ತೆ ಹೊರಡಬೇಕು. ತೋಟಕ್ಕೆ ನೀರು ಹಾಯಿಸಲು ಬಂದಿದ್ದ ಪಕ್ಕದ ಹೊಲದವರು ಸ್ವಲ್ಪ ಹೊತ್ತು ನೋಡಿ, "ಇದಕ ಇಂಜಿನ್ನೇ ಇಲ್ಲೇನ್ರಿ ಅಕ್ಕಾರ? ಹಂಗಾದ್ರ ಗಾಳಿಗಿ ಎದುರು ಹೆಂಗ್ ಹೊಂಟದ್ರಿ?" ಎಂದು ಕೇಳಿದರು. ಹುಣಸೆ ಬೀಜದ ಕಥೆ ಹೇಳಿದೆ. ಅವರು ಹೋಗಲಿಲ್ಲ, ಐದೂ ರೇಸ್ ನೋಡಿದರು.

ನಿಯಮಗಳು ದೊಡ್ಡ ಹಾಯಿದೋಣಿಗಳಿಗೆ ಇರುವವೇ, ಸ್ವಲ್ಪ ಬದಲಾವಣೆಯೊಂದಿಗೆ. ಗಾಳಿ ಬಲಗಡೆಯಿಂದ ಬೀಸುತ್ತಿರುವ ದೋಣಿಗೆ ದಾರಿಯ ಹಕ್ಕು, ಎಡಗಡೆಯಿಂದ ಬೀಸುತ್ತಿರುವ ದೋಣಿ ಬಿಟ್ಟುಕೊಡಬೇಕು. ಹಿಂದಿನಿಂದ ಬರುವವರು ಮುಂದಿರುವವರಿಗೆ ತಾಗಬಾರದು. ತಪ್ಪು ಮಾಡಿದ ದೋಣಿ ಪಕ್ಕಕ್ಕೆ ಸರಿದು ಒಂದು ಪೂರ್ತಿ ಸುತ್ತು ಹಾಕಬೇಕು, ಅದೇ ಶಿಕ್ಷೆ. ಎದುರಾಳಿ ತಪ್ಪು ಮಾಡಿದ್ದಾನೆ ಎನಿಸಿದರೆ ನಿಮ್ಮ ದೋಣಿಯ ನಂಬರ್, 'ಪ್ರೊಟೆಸ್ಟ್', ಅವನ ದೋಣಿಯ ನಂಬರ್ ಎಂದು ಕೂಗಬೇಕು. ಆದರೆ ಫುಟ್‌ಬಾಲ್‌ನಂತೆ ಸೀಟಿ ಊದುತ್ತಾ ಬೆನ್ನು ಹತ್ತುವ ರೆಫರಿ ಇಲ್ಲ. ತನ್ನ ದೋಣಿ ತಪ್ಪು ಮಾಡಿದ್ದು ತನಗೆ ಗೊತ್ತಾದರೆ, ಯಾರೂ ಕೂಗದಿದ್ದರೂ, ಆಟಗಾರ ತಾನೇ ಸುತ್ತು ಹಾಕಬೇಕೆಂಬುದು ಈ ಆಟದ ಕಟ್ಟಳೆ.

ಅಂಕದ ಲೆಕ್ಕ ಉಲ್ಟಾ. ಮೊದಲು ಬಂದವರಿಗೆ ಒಂದು, ಎರಡನೆಯವರಿಗೆ ಎರಡು. ಕೊನೆಗೆ ಕಡಿಮೆ ಅಂಕ ಇದ್ದವರು ಗೆದ್ದಂತೆ. ಪ್ರತಿಯೊಬ್ಬರ ಅತಿ ಕೆಟ್ಟ ರೇಸ್ ಒಂದನ್ನು ಲೆಕ್ಕದಿಂದ ಬಿಡುತ್ತಾರೆ. ಅಂಕ ಬರೆದವರು ನಮ್ಮ ಅತ್ತೆಯವರು. ಅವರು ಬಂದದ್ದು ಮೊಮ್ಮಗಳನ್ನು ಕಾಯಲು, ಆದರೆ ಎರಡನೇ ರೇಸ್ ಹೊತ್ತಿಗೆ ಪೆನ್ನು ಕೇಳಿ ಪಡೆದಿದ್ದರು.

ಮೊದಲನೆಯದರಲ್ಲಿ ಅಣ್ಣನ ಮಗ ಗೆದ್ದ, ಎರಡನೆಯದರಲ್ಲಿ ನನ್ನ ಮಗಳು. ಅಬ್ಬಾರ ಎಡಗೈ ಬಗ್ಗೆ ನಮಗೆಲ್ಲ ಅಳುಕಿತ್ತು. ಟ್ರಾನ್ಸ್‌ಮಿಟರಿನ ಎಡ ಕಡ್ಡಿ ಹಾಯಿಯದು, ಬಲ ಕಡ್ಡಿ ಚುಕ್ಕಾಣಿಯದು. ಎಡ ಕಡ್ಡಿ ಇಟ್ಟ ಜಾಗದಲ್ಲೇ ನಿಲ್ಲುತ್ತದೆ, ಹಿಡಿದುಕೊಂಡೇ ಇರಬೇಕಾಗಿಲ್ಲ. ಟ್ರಾನ್ಸ್‌ಮಿಟರನ್ನು ಪಟ್ಟಿ ಕಟ್ಟಿ ಕುತ್ತಿಗೆಗೆ ಹಾಕಿಕೊಂಡು, ಕುರ್ಚಿಯಲ್ಲಿ ಕುಳಿತು, ಅವರು ಬಲಗೈಯಲ್ಲೇ ಎಲ್ಲ ನಿಭಾಯಿಸಿದರು. ಮಕ್ಕಳು ದೋಣಿ ನೋಡುತ್ತಿದ್ದರೆ ಅವರು ಬಾಳೆ ಎಲೆಗಳನ್ನು ನೋಡುತ್ತಿದ್ದರು. ಎಲೆ ಅಲುಗಿದ ಮೇಲೆ ಗಾಳಿ ಹೊಂಡಕ್ಕೆ ಬರಲು ಒಂದೆರಡು ಉಸಿರು ಬೇಕು. ಅಷ್ಟರಲ್ಲಿ ಅವರ ದೋಣಿ ಸಿದ್ಧವಾಗಿರುತ್ತಿತ್ತು.

ಮೂರನೇ ರೇಸಿನಲ್ಲಿ ಮಗಳು ಮುಂದಿದ್ದಳು. ಮೇಲಿನ ಡಬ್ಬಿಯ ಹತ್ತಿರ ಅಬ್ಬಾರ ದೋಣಿ ಅಡ್ಡ ಬಂತು. ಹಕ್ಕು ಅವರದು. ಇವಳು ಮುಂದಿನಿಂದ ದಾಟಿಬಿಡಬಹುದು ಎಂದುಕೊಂಡಳು, ಕೂದಲೆಳೆಯಷ್ಟು ತಾಗಿತು. ಅಬ್ಬಾರ ಕಣ್ಣು ಅಷ್ಟು ದೂರ ಕಾಣುವುದಿಲ್ಲ. ನಮಗಾರಿಗೂ ತಿಳಿಯಲಿಲ್ಲ. ಇದ್ದಕ್ಕಿದ್ದಂತೆ ಅವಳ ದೋಣಿ ಪಕ್ಕಕ್ಕೆ ಹೋಗಿ ಗಿರ್ರನೆ ಒಂದು ಸುತ್ತು ಹಾಕಿತು. ಹಾಕಿ ಮುಗಿಸುವಷ್ಟರಲ್ಲಿ ಇಬ್ಬರೂ ದಾಟಿ ಹೋಗಿದ್ದರು. ಮೊದಲು ಬರಬೇಕಾದವಳು ಮೂರನೆಯವಳಾದಳು.

"ಗಾಳಿ ತಪ್ಪಿತಾ?" ಎಂದು ಕೇಳಿದೆ.

"ಇಲ್ಲಮ್ಮೀ, ನಾನಾರ ದೋಣಿಗೆ ತಾಗಿತು."

"ಯಾರೂ ನೋಡಲಿಲ್ವಲ್ಲೇ" ಎಂದು ಅತ್ತೆಯವರೇ ಹೇಳಿದರು, ಐದು ಹೊತ್ತಿನ ನಮಾಜಿನಲ್ಲಿ ಒಂದನ್ನೂ ತಪ್ಪಿಸದವರು. ಹೇಳಿದ ಮೇಲೆ ಅವರಿಗೇ ಏನೋ ಅನಿಸಿರಬೇಕು, ಸುಮ್ಮನೆ ಪುಸ್ತಕದಲ್ಲಿ ಮೂರು ಎಂದು ಬರೆದರು.

ನಾಲ್ಕನೆಯದು ಮತ್ತೆ ಮಗಳದು, ಐದನೆಯದು ಅಬ್ಬಾರದು. ಕೂಡಿ ನೋಡಿದರೆ, ಕೆಟ್ಟ ರೇಸ್ ಒಂದೊಂದು ಬಿಟ್ಟ ಮೇಲೆ ಅಬ್ಬಾಗೆ ಆರು, ಮಗಳಿಗೂ ಆರು. ಇಬ್ಬರೂ ಎರಡೆರಡು ಸಲ ಮೊದಲು, ಎರಡೆರಡು ಸಲ ಎರಡನೆಯವರು. ಹೀಗೆ ಎಲ್ಲ ಸಮವಾದಾಗ ಕೊನೆಯ ರೇಸಿನಲ್ಲಿ ಮುಂದಿದ್ದವರು ವಿಜೇತರು ಎಂದು ನಿಯಮ. ಬಹುಮಾನವಾಗಿ ಇಟ್ಟಿದ್ದ ಕೆಂಪು ಬಾಳೆಯ ಚಿಪ್ಪು ಅಬ್ಬಾರ ಮಡಿಲಿಗೆ ಹೋಯಿತು. ಮಗಳ ಮುಖ ಸಣ್ಣದಾಯಿತು, ರಾತ್ರಿ ಊಟದವರೆಗೂ ಹಾಗೆಯೇ ಇತ್ತು. ಬುದ್ಧಿ ಹೇಳಲು ನಾನು ಹೋಗಲಿಲ್ಲ.

ನಿಮ್ಮಲ್ಲಿ ಯಾರಿಗಾದರೂ ಆಸೆಯಾಗಿದ್ದರೆ ಕೊನೆಗೆ ಕೆಲವು ವಿಷಯ. ಮೊದಲಿಗೇ ಮೂರು ದೋಣಿ ಬೇಡ, ಒಂದು ಸಾಕು. ಕಟ್ಟಲು ಪುರುಸೊತ್ತಿಲ್ಲದವರಿಗೆ ಚೀನಾದ ಜಾಯ್ಸ್‌ವೇ ಕಂಪನಿಯ ಡ್ರಾಗನ್ ಫೋರ್ಸ್ 65ರಂಥ ಸಿದ್ಧ ದೋಣಿಗಳಿವೆ, ಬೆಲೆ ಸಾಧಾರಣ ಸ್ಮಾರ್ಟ್‌ಫೋನಿನಷ್ಟು. ಜೊಂಡು, ಪಾಚಿ ಇರುವ ಕೆರೆ ಬೇಡ, ಕೀಲಿಗೆ ಸುತ್ತಿಕೊಳ್ಳುತ್ತದೆ. ನೀರು ಮೊಣಕಾಲುದ್ದವಿದ್ದರೂ ಈ ಅಳತೆಯ ದೋಣಿಗೆ ಸಾಕು. ಸುತ್ತ ಎತ್ತರದ ಕಟ್ಟಡಗಳಿದ್ದರೆ ಗಾಳಿ ಸುಳಿ ಸುತ್ತಿ ತಲೆ ಕೆಡಿಸುತ್ತದೆ. ಮಗ ಅಥವಾ ಮಗಳು ಎನ್‌ಸಿಸಿ ನೌಕಾ ವಿಭಾಗ ಇರುವ ಮಂಗಳೂರಿನಂಥ ಊರಿನಲ್ಲಿ ಓದುತ್ತಿದ್ದರೆ, ಅಲ್ಲಿ ವಿಚಾರಿಸಲು ಹೇಳಿ. ಹಡಗಿನ ಮಾದರಿ ತಯಾರಿಕೆ ಅವರ ನೌಸೈನಿಕ ಶಿಬಿರದ ಸ್ಪರ್ಧೆಗಳಲ್ಲೊಂದು.

ಈಗ ಅಬ್ಬಾ ಮಂಚದ ಮೇಲೆ ಕುಳಿತು ರಸ್ತೆ ನೋಡುವುದಿಲ್ಲ. ಮೊನ್ನೆ ಫೋನ್ ಮಾಡಿ, ಬಿರುಸು ಗಾಳಿಗೆ ಚಿಕ್ಕ ಅಳತೆಯ ಹಾಯಿ ಒಂದು ಜೊತೆ ಬೇಕು ಎಂದರು. ಯಾರ ದೋಣಿಗೆ ಎಂದು ಕೇಳಿದರೆ, "ಇದನ್ನು ಅವಳಿಗೆ ಹೇಳಬೇಡ" ಎಂದು ಮೆಲ್ಲಗೆ ಹೇಳಿ ಫೋನ್ ಇಟ್ಟರು.